ಕಥೆಯ ಲೆಕ್ಕ ಟ್ಯಾಲಿ ಆಗಬೇಕಾ? ಸೈನ್ಸ್ ಫಿಕ್ಷನ್ನಿನ ಆಡಿಟರ್‌ಗಳ ಇತಿಹಾಸ

ಇದು ಈ ವಾರದ ಎಪಿಸೋಡಿನ ಬರಹ ರೂಪ. ಬಸ್ಸಿನಲ್ಲಿ ಇಯರ್‌ಫೋನ್ ಮರೆತು ಬಂದವರು ಓದಿಕೊಳ್ಳಬಹುದು.

"ಲಾಜಿಕ್ ಎಲ್ಲ ಕೇಳಬಾರದು, ಸುಮ್ಮನೆ ಸಿನಿಮಾ ನೋಡಬೇಕು." ಈ ಮಾತನ್ನು ನೀವು ಹೇಳಿರುತ್ತೀರಿ, ಇಲ್ಲಾ ಪಕ್ಕದ ಸೀಟಿನವರಿಂದ ಕೇಳಿಸಿಕೊಂಡಿರುತ್ತೀರಿ. ಇವತ್ತಿನ ಎಪಿಸೋಡ್ ಈ ಮಾತನ್ನು ಒಪ್ಪದೇ ಇದ್ದ ಜನರ ಬಗ್ಗೆ.

1971ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವರ್ಲ್ಡ್‌ಕಾನ್ ನಡೆಯಿತು. ಸೈನ್ಸ್ ಫಿಕ್ಷನ್ ಓದುವವರು, ಬರೆಯುವವರು ವರ್ಷಕ್ಕೊಮ್ಮೆ ಸೇರುವ ಜಾತ್ರೆ ಅದು. ಅಲ್ಲಿ ಹ್ಯೂಗೋ ಪ್ರಶಸ್ತಿ ಕೊಡುತ್ತಾರೆ. ಅದಕ್ಕೆ ತೀರ್ಪುಗಾರರ ಸಮಿತಿ ಇಲ್ಲ, ಸಮ್ಮೇಳನದ ಸದಸ್ಯರೇ ಓಟು ಹಾಕೋದು. ಆ ವರ್ಷ ಕಾದಂಬರಿ ವಿಭಾಗದಲ್ಲಿ ಗೆದ್ದಿದ್ದು ಲ್ಯಾರಿ ನಿವೆನ್ ಅವರ 'ರಿಂಗ್‌ವರ್ಲ್ಡ್'. ಅದೇ ಸಮ್ಮೇಳನದಲ್ಲಿ ಎಂಐಟಿಯ ಹುಡುಗರು ಹೋಟೆಲಿನ ಕಾರಿಡಾರುಗಳಲ್ಲಿ ಒಂದು ಘೋಷಣೆ ಕೂಗುತ್ತಾ ಓಡಾಡಿದರು: "ರಿಂಗ್‌ವರ್ಲ್ಡ್ ಸ್ಥಿರವಲ್ಲ! ರಿಂಗ್‌ವರ್ಲ್ಡ್ ಸ್ಥಿರವಲ್ಲ!"

ಅಂದರೆ, ಓದುಗರು ಒಂದು ಕೈಯಲ್ಲಿ ಪ್ರಶಸ್ತಿ ಕೊಟ್ಟರು, ಇನ್ನೊಂದು ಕೈಯಲ್ಲಿ ನಿಮ್ಮ ಪ್ರಪಂಚ ನಿಲ್ಲಲ್ಲ ಅಂತ ಲೆಕ್ಕ ತೋರಿಸಿದರು. ಇದು ಜಗಳ ಅಲ್ಲ, ಹಳೆಯ ಒಂದು ಆಟ. ಅದು ಶುರುವಾಗಿದ್ದು ಹೇಗೆ ಅಂತ ನೋಡೋಣ.

ಮೊದಲು ಎರಡು ಪ್ರಶ್ನೆ

ನಾನು ಓದಿದ್ದು ಬಿ.ಕಾಂ. ಭೌತಶಾಸ್ತ್ರದಲ್ಲಿ ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಹಾಗಾಗಿ ಈ ವಿಷಯ ನನಗೆ ಅರ್ಥವಾಗೋದು ಲೆಕ್ಕಪತ್ರದ ಭಾಷೆಯಲ್ಲೇ.

ಒಂದು ಕಾಲ್ಪನಿಕ ಪ್ರಪಂಚಕ್ಕೆ ಎರಡು ಬೇರೆ ಬೇರೆ ಪ್ರಶ್ನೆ ಕೇಳಬಹುದು. ಒಂದು: ನಮಗೆ ಗೊತ್ತಿರುವ ವಿಜ್ಞಾನದ ಪ್ರಕಾರ ಇದು ಸಾಧ್ಯವಾ? ಎರಡು: ಈ ಪ್ರಪಂಚ ತಾನೇ ಹಾಕಿಕೊಂಡ ನಿಯಮಕ್ಕೆ ತಾನು ಬದ್ಧವಾಗಿದೆಯಾ? ಮೊದಲನೆಯದು ಸಾಧ್ಯತೆ, ಎರಡನೆಯದು ಹೊಂದಾಣಿಕೆ. ಜನ ಎರಡನ್ನೂ 'ಲಾಜಿಕ್' ಅನ್ನೋ ಒಂದೇ ಚೀಲಕ್ಕೆ ಹಾಕಿಬಿಡುತ್ತಾರೆ.

ಕಾಮರ್ಸ್ ಓದಿದವರಿಗೆ ನೆನಪಿರುತ್ತದೆ, ಅಕೌಂಟಿಂಗ್‌ನಲ್ಲಿ ಮೂರು ಮೂಲ ಊಹೆಗಳಿವೆ: ಗೋಯಿಂಗ್ ಕನ್ಸರ್ನ್, ಅಕ್ರೂಯಲ್, ಕನ್ಸಿಸ್ಟೆನ್ಸಿ. ಕನ್ಸಿಸ್ಟೆನ್ಸಿ ಅಂದರೆ ಈ ವರ್ಷ ಒಂದು ಪದ್ಧತಿ, ಮುಂದಿನ ವರ್ಷ ಅನುಕೂಲಕ್ಕೆ ತಕ್ಕ ಹಾಗೆ ಇನ್ನೊಂದು ಪದ್ಧತಿ ಅನ್ನೋ ಹಾಗಿಲ್ಲ. ಬದಲಾಯಿಸಿದರೆ ಹೇಳಿ ಬದಲಾಯಿಸಬೇಕು. ಇನ್ನೊಂದು ವಿಷಯ ಸಸ್ಪೆನ್ಸ್ ಅಕೌಂಟ್. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ, ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕಿಡುತ್ತೇವೆ. ಅದು ಮೋಸ ಅಲ್ಲ, ಯಾಕೆಂದರೆ ಎಲ್ಲರ ಕಣ್ಣೆದುರೇ ಇರುತ್ತದೆ. ಆದರೆ ಅದು ಬೆಳೆಯುತ್ತಾ ಹೋದರೆ ಆಡಿಟರ್ ಹುಬ್ಬೇರಿಸುತ್ತಾರೆ.

ಇವೆರಡನ್ನು ನೆನಪಿಟ್ಟುಕೊಳ್ಳಿ.

1865: ಖರ್ಚು ಬರೆದಿಟ್ಟ ಕಾದಂಬರಿಕಾರ

ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ 'ಭೂಮಿಯಿಂದ ಚಂದ್ರನಿಗೆ' ಅನ್ನೋ ಕಾದಂಬರಿ ಪ್ರಕಟಿಸಿದರು. ಅಮೆರಿಕದ ಫಿರಂಗಿ ತಯಾರಕರ ಒಂದು ಕ್ಲಬ್ಬು. ಅಂತರ್ಯುದ್ಧ ಮುಗಿದು ಅವರಿಗೆ ಕೆಲಸವಿಲ್ಲ. ಸರಿ, ಚಂದ್ರನಿಗೇ ಗುಂಡು ಹಾರಿಸೋಣ ಅಂತಾರೆ. ಫ್ಲಾರಿಡಾದಲ್ಲಿ ನೆಲ ಅಗೆದು 900 ಅಡಿ ಉದ್ದದ ಫಿರಂಗಿ ಎರಕ ಹೊಯ್ಯುತ್ತಾರೆ. ಅಲ್ಯೂಮಿನಿಯಂ ಗುಂಡಿನೊಳಗೆ ಮೂರು ಜನ ಕೂರುತ್ತಾರೆ.

ವರ್ನ್ ಅವರ ಹೊಸತನ ಕಲ್ಪನೆಯಲ್ಲಿ ಮಾತ್ರ ಇರಲಿಲ್ಲ, ಲೆಕ್ಕದಲ್ಲಿತ್ತು. ಗುಂಡಿನ ವೇಗ ಸೆಕೆಂಡಿಗೆ 12,000 ಗಜ, ಅಂದರೆ ಸುಮಾರು 11 ಕಿಲೋಮೀಟರ್. ಭೂಮಿಯ ಸೆಳೆತ ದಾಟೋಕೆ ನಿಜವಾಗಿ ಬೇಕಾದ್ದು 11.2. ಎಷ್ಟು ಹತ್ತಿರ ನೋಡಿ! ಪ್ರಪಂಚದಾದ್ಯಂತ ಎತ್ತಿದ ಚಂದಾ ಎಷ್ಟು ಅಂತಾನೂ ಬರೆದಿದ್ದಾರೆ: 54,46,675 ಡಾಲರ್. ಕಡೆಯ 675 ಡಾಲರನ್ನೂ ಬಿಡದ ಕಾದಂಬರಿಕಾರನನ್ನು ಕಾಮರ್ಸ್ ಓದಿದವನು ಇಷ್ಟಪಡದೆ ಇರೋಕಾಗುತ್ತಾ?

ಪುಸ್ತಕ ತೆರೆದಿಟ್ಟ ಮೇಲೆ ಆಡಿಟ್ ಸುಲಭ. ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆಯಿರಿ. 900 ಅಡಿ ಅಂದರೆ 274 ಮೀಟರ್. ಅಷ್ಟು ದೂರದೊಳಗೆ ಸೊನ್ನೆಯಿಂದ ಸೆಕೆಂಡಿಗೆ 11,000 ಮೀಟರ್ ವೇಗ ಬರಬೇಕು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ, ಭೂಮಿಯ ಗುರುತ್ವದ 22,000 ಪಟ್ಟಿಗಿಂತ ಹೆಚ್ಚು ಒತ್ತಡ ಬರುತ್ತದೆ. 60 ಕೆಜಿ ಮನುಷ್ಯನ ಮೇಲೆ 1,300 ಟನ್ ಭಾರ. ಪ್ರಯಾಣಿಕರು ಫಿರಂಗಿಯ ಬಾಯಿ ದಾಟುವ ಮೊದಲೇ ಚಟ್ನಿ. ಆಘಾತ ತಡೆಯೋಕೆ ವರ್ನ್ ಕೆಳಗೆ ನೀರಿನ ಪದರ ಇಟ್ಟಿದ್ದರು. ಈ ಮಟ್ಟದ ಹೊಡೆತಕ್ಕೆ ನೀರಿನ ಹಾಸಿಗೆ ಯಾವ ಲೆಕ್ಕ?

ಇದು ಸಾಧ್ಯತೆಯ ತಪ್ಪು. ಮುಂದಿನ ಭಾಗ 'ಚಂದ್ರನ ಸುತ್ತ'ದಲ್ಲಿ ಹೊಂದಾಣಿಕೆಯ ತಪ್ಪೂ ಇದೆ, ಅದು ಇನ್ನೂ ಮಜವಾಗಿದೆ. ಪ್ರಯಾಣಿಕರ ಜೊತೆಗಿದ್ದ ನಾಯಿ ಸಾಯುತ್ತದೆ. ಅದರ ದೇಹವನ್ನು ಹೊರಗೆ ಹಾಕುತ್ತಾರೆ. ಅದು ದೂರ ಹೋಗಲ್ಲ, ವಾಹನದ ಪಕ್ಕದಲ್ಲೇ ತೇಲುತ್ತಾ ಬರುತ್ತದೆ. ಪಕ್ಕಾ ಸರಿ, ಎರಡಕ್ಕೂ ಒಂದೇ ವೇಗವಲ್ಲವಾ? ಆದರೆ ಒಳಗಿರುವ ಮನುಷ್ಯರು ಮಾತ್ರ ನೆಲದ ಮೇಲೆ ಕಾಲೂರಿ ನಡೆಯುತ್ತಾರೆ. ಭೂಮಿ ಮತ್ತು ಚಂದ್ರನ ಸೆಳೆತ ಸಮವಾಗುವ ಒಂದು ಜಾಗದಲ್ಲಿ ಮಾತ್ರ ಅವರು ತೇಲೋದು. ನಾಯಿಗೊಂದು ನಿಯಮ, ಯಜಮಾನರಿಗೊಂದು ನಿಯಮ! ನಿಜದಲ್ಲಿ ಒಳಗಿನವರೂ ದಾರಿಯುದ್ದಕ್ಕೂ ತೇಲುತ್ತಲೇ ಇರಬೇಕಿತ್ತು.

ಇಷ್ಟಾಗಿಯೂ ಈ ತಪ್ಪು ಲೆಕ್ಕ ವ್ಯರ್ಥವಾಗಲಿಲ್ಲ. ರಷ್ಯಾದಲ್ಲಿ ಕೊನ್‌ಸ್ಟಾಂಟಿನ್ ಸಿಯೋಲ್ಕೊವ್‌ಸ್ಕಿ ಅನ್ನೋ ಶಾಲಾ ಮೇಷ್ಟ್ರು ವರ್ನ್ ಅವರನ್ನು ಓದಿದರು. ಬಾಲ್ಯದ ಕಾಯಿಲೆಯಿಂದ ಕಿವಿ ಸರಿಯಾಗಿ ಕೇಳದಿದ್ದ ಅವರು ಹೆಚ್ಚಿನದನ್ನೆಲ್ಲ ಪುಸ್ತಕದಿಂದಲೇ ಕಲಿತವರು. ಆಕಾಶಕ್ಕೆ ಹೋಗುವ ಆಸೆಯ ಬೀಜ ಹಾಕಿದ್ದು ವರ್ನ್ ಅಂತ ಅವರೇ ಹೇಳಿಕೊಂಡಿದ್ದಾರೆ. ಫಿರಂಗಿ ಕೆಲಸ ಮಾಡಲ್ಲ ಅಂತಲೂ ಅವರಿಗೆ ಗೊತ್ತಾಯಿತು. ಹಾಗಾದರೆ ಯಾವುದು ಕೆಲಸ ಮಾಡುತ್ತೆ? ವೇಗವನ್ನು ಒಂದೇ ಏಟಿಗೆ ಕೊಡದೆ ಸ್ವಲ್ಪ ಸ್ವಲ್ಪವಾಗಿ ಕೊಡುವ ರಾಕೆಟ್. ಅವರು ತಮ್ಮ ರಾಕೆಟ್ ಸಮೀಕರಣವಿದ್ದ ಲೇಖನ ಪ್ರಕಟಿಸಿದ್ದು 1903ರಲ್ಲಿ.

1903: ಆ ಲೋಹ ಎಲ್ಲಿ, ತೋರಿಸಿ

ಅದೇ 1903ರಲ್ಲಿ ವಯಸ್ಸಾಗಿದ್ದ ವರ್ನ್ ಒಂದು ಸಂದರ್ಶನದಲ್ಲಿ ಇಂಗ್ಲೆಂಡಿನ ಎಚ್.ಜಿ. ವೆಲ್ಸ್ ಬಗ್ಗೆ ಮಾತಾಡಿದರು. ವೆಲ್ಸ್ ಅವರ ಚಂದ್ರಯಾನದ ಕಾದಂಬರಿ 1901ರಲ್ಲಿ ಬಂದಿತ್ತು. ಅದರಲ್ಲಿ ಫಿರಂಗಿ ಇಲ್ಲ, ಕೇವರೈಟ್ ಅನ್ನೋ ವಸ್ತು ಇದೆ. ಕೊಡೆ ಮಳೆಯನ್ನು ತಡೆಯುವ ಹಾಗೆ ಅದು ಗುರುತ್ವವನ್ನು ತಡೆಯುತ್ತದೆ. ವರ್ನ್ ತಕರಾರು ಏನೆಂದರೆ, ನಾನು ಇರುವ ಭೌತಶಾಸ್ತ್ರ ಬಳಸುತ್ತೇನೆ, ಇವರು ಇಲ್ಲದ್ದನ್ನು ಹುಟ್ಟಿಸುತ್ತಾರೆ. ಆ ಲೋಹ ಎಲ್ಲಿದೆ, ತೋರಿಸಲಿ.

ಸಾಧ್ಯತೆಯ ಲೆಕ್ಕದಲ್ಲಿ ವರ್ನ್ ಹೇಳಿದ್ದು ಸರಿ. ಕೇವರೈಟ್ ಇದ್ದರೆ, ಒಂದು ಚಕ್ರದ ಅರ್ಧದ ಕೆಳಗೆ ಅದನ್ನಿಟ್ಟು, ಆ ಚಕ್ರವನ್ನು ಏನೂ ಖರ್ಚಿಲ್ಲದೆ ಯಾವಾಗಲೂ ತಿರುಗಿಸುತ್ತಿರಬಹುದು. ಪುಕ್ಕಟೆ ಶಕ್ತಿ! ಪ್ರಕೃತಿ ಅಂಥ ಆಫರ್ ಕೊಡಲ್ಲ.

ಆದರೆ ವೆಲ್ಸ್ ಅದನ್ನು ಹೇಗೆ ನಡೆಸಿಕೊಂಡರು ನೋಡಿ. ಕಥೆಯಲ್ಲಿ ಕೇವರೈಟ್ ಮೊದಲ ಸಲ ತಯಾರಾದಾಗ, ಅದರ ಮೇಲಿದ್ದ ಗಾಳಿಯೂ ಭಾರ ಕಳೆದುಕೊಳ್ಳುತ್ತದೆ. ಸುತ್ತಲಿನ ಗಾಳಿ ನುಗ್ಗಿ ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮನೆಯ ಸೂರು ಹಾರಿಹೋಗಿ ಬಿರುಗಾಳಿ ಏಳುತ್ತದೆ. ವಾಹನ ನಡೆಸೋದು ಹೇಗೆ? ಗೋಳದ ಸುತ್ತ ಕೇವರೈಟ್ ಪರದೆಗಳು. ಚಂದ್ರನ ಕಡೆಯದನ್ನು ತೆರೆದರೆ ಚಂದ್ರ ಎಳೆಯುತ್ತದೆ, ಮುಚ್ಚಿದರೆ ಇಲ್ಲ. ಸುಳ್ಳು ಒಂದೇ, ಆದರೆ ಅದರಿಂದ ಏನೇನು ಆಗಬೇಕೋ ಅದೆಲ್ಲ ಆಗುತ್ತದೆ. ನಾನು ಹೇಳಿದ ಸಸ್ಪೆನ್ಸ್ ಅಕೌಂಟ್ ಇದೇ. 1934ರಲ್ಲಿ ತಮ್ಮ ಏಳು ಕಾದಂಬರಿಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ವೆಲ್ಸ್ ಇದನ್ನು ನಿಯಮದ ಹಾಗೇ ಹೇಳಿದರು: ಅಸಾಧ್ಯವಾದದ್ದು ಒಂದೇ ಇರಲಿ, ಏನು ಬೇಕಾದರೂ ಆಗಬಹುದು ಅನ್ನುವಲ್ಲಿ ಯಾವುದೂ ಕುತೂಹಲ ಹುಟ್ಟಿಸಲ್ಲ.

ನಮ್ಮಲ್ಲಿ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ವೆಲ್ಸ್ ನಿಯಮ ಅದರ ಉಲ್ಟಾ: ಒಂದೇ ಒಂದು ಸುಳ್ಳು ಹೇಳು, ಆಮೇಲೆ ಸಾವಿರ ಲೆಕ್ಕ ಕೊಡು.

1953: ಆಟಕ್ಕೆ ನಿಯಮ ಬರೆದ ಮೇಷ್ಟ್ರು

ಮುಂದಿನ ಹೆಜ್ಜೆ ಅಮೆರಿಕದ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ. ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್. 1953ರ ಏಪ್ರಿಲ್‌ನಿಂದ ಜುಲೈವರೆಗೆ ಅದರಲ್ಲಿ 'ಮಿಷನ್ ಆಫ್ ಗ್ರ್ಯಾವಿಟಿ' ಧಾರಾವಾಹಿಯಾಗಿ ಬಂತು. ಬರೆದವರು ಹಾಲ್ ಕ್ಲೆಮೆಂಟ್. ನಿಜ ಹೆಸರು ಹ್ಯಾರಿ ಕ್ಲೆಮೆಂಟ್ ಸ್ಟಬ್ಸ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು, ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ಅವರ ಗ್ರಹದ ಹೆಸರು ಮೆಸ್ಕ್ಲಿನ್. ಅಲ್ಲಿ ಒಂದು ದಿನ ಅಂದರೆ ಸುಮಾರು 18 ನಿಮಿಷ. ಆ ವೇಗಕ್ಕೆ ಗ್ರಹ ಇಡ್ಲಿಯ ಹಾಗೆ ಚಪ್ಪಟೆಯಾಗಿದೆ. ಅಂಚಿನಲ್ಲಿ, ಅಂದರೆ ಸಮಭಾಜಕದಲ್ಲಿ, ತಿರುಗುವ ರಭಸ ಭಾರವನ್ನು ತಗ್ಗಿಸುತ್ತದೆ. ಅಲ್ಲಿ ಭೂಮಿಯ ಮೂರು ಪಟ್ಟು ಗುರುತ್ವ. ಧ್ರುವಗಳಲ್ಲಿ ಸುಮಾರು 700 ಪಟ್ಟು. 60 ಕೆಜಿ ಮನುಷ್ಯ ಸಮಭಾಜಕದಲ್ಲಿ 180 ಕೆಜಿ, ಧ್ರುವದಲ್ಲಿ 42 ಟನ್.

ಈಗ ಕನ್ಸಿಸ್ಟೆನ್ಸಿ ನೋಡಿ. ಇಂಥ ಕಡೆ ಬದುಕುವ ಜೀವಿ ಹೇಗಿರಬೇಕು? ನೆಲಕ್ಕೆ ಅಂಟಿಕೊಂಡ, ಅರ್ಧ ಮೀಟರಿಗಿಂತ ಕಡಿಮೆ ಉದ್ದದ, ಹುಳುವಿನ ಹಾಗೆ ತುಂಬಾ ಕಾಲಿರುವ ಜೀವಿ. ಅದಕ್ಕೆ ಅತಿ ದೊಡ್ಡ ಭಯ ಯಾವುದು? ಬೀಳೋದು. ಧ್ರುವದ ಬಳಿ ಕೇವಲ 15 ಸೆಂಟಿಮೀಟರ್ ಎತ್ತರದಿಂದ ಬಿದ್ದರೂ ನೆಲ ಮುಟ್ಟುವಾಗ ಗಂಟೆಗೆ 160 ಕಿಲೋಮೀಟರ್ ವೇಗ ಇರುತ್ತದೆ, ಲೆಕ್ಕ ಹಾಕಿ ನೋಡಿ. ಹಾಗಾಗಿ ಆ ಜನಕ್ಕೆ ಏನನ್ನಾದರೂ ಎಸೆಯುವ ಯೋಚನೆಯೇ ಬಂದಿಲ್ಲ. ತಲೆಯ ಮೇಲೆ ಏನಾದರೂ ಇದ್ದರೆ ಸಾಕು, ಜೀವ ಬಾಯಿಗೆ ಬರುತ್ತದೆ. ಅವರ ಹೆದರಿಕೆ, ಅಭ್ಯಾಸ, ಧೈರ್ಯ ಎಲ್ಲ ಹುಟ್ಟೋದು ಗುರುತ್ವದ ಆ ಒಂದು ಸಂಖ್ಯೆಯಿಂದ. ಇಲ್ಲಿ ವಿಜ್ಞಾನವೇ ಪಾತ್ರದ ಸ್ವಭಾವವಾಗಿದೆ.

ಕ್ಲೆಮೆಂಟ್ ಇನ್ನೂ ಒಂದು ಕೆಲಸ ಮಾಡಿದರು. ಧಾರಾವಾಹಿ ನಡೆಯುತ್ತಿರುವಾಗಲೇ, ಜೂನ್ ಸಂಚಿಕೆಯಲ್ಲಿ, ಈ ಗ್ರಹವನ್ನು ಹೇಗೆ ಕಟ್ಟಿದೆ ಅಂತ ಲೇಖನ ಬರೆದರು. ಇದೊಂದು ಆಟ: ಲೇಖಕ ಆದಷ್ಟು ಕಡಿಮೆ ತಪ್ಪು ಮಾಡಬೇಕು, ಓದುಗ ಆದಷ್ಟು ಹೆಚ್ಚು ತಪ್ಪು ಹಿಡಿಯಬೇಕು. ಬಾಲೆನ್ಸ್ ಶೀಟನ್ನು ತಾನೇ ಮೇಜಿನ ಮೇಲಿಟ್ಟು "ಬನ್ನಿ, ಆಡಿಟ್ ಮಾಡಿ" ಅಂದ ಹಾಗೆ. ಓದುಗರು ಬಿಡಲಿಲ್ಲ. ಕಡೆಗೆ ಕ್ಲೆಮೆಂಟ್ ಅವರೇ ಮತ್ತೆ ಲೆಕ್ಕ ಹಾಕಿದಾಗ, ಧ್ರುವದ ಗುರುತ್ವ 700 ಪಟ್ಟಿಗಿಂತ ಬಹಳ ಕಡಿಮೆ ಬಂತು.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಕ್ಲೆಮೆಂಟ್ ಮೆಸ್ಕ್ಲಿನ್‌ಗೆ ಆಧಾರ ಮಾಡಿಕೊಂಡಿದ್ದು ನಿಜವಾದ ಒಂದು ಖಗೋಳ ವರದಿ. '61 ಸಿಗ್ನಿ' ನಕ್ಷತ್ರದ ಹತ್ತಿರ ಗುರುವಿನ ಸುಮಾರು 16 ಪಟ್ಟು ದ್ರವ್ಯರಾಶಿಯ, ಕಣ್ಣಿಗೆ ಕಾಣದ ಒಂದು ಕಾಯ ಇದೆ ಅಂತ 1940ರ ದಶಕದಲ್ಲಿ ಕಾಯ್ ಸ್ಟ್ರ್ಯಾಂಡ್ ಅನ್ನೋ ಖಗೋಳ ವಿಜ್ಞಾನಿ ಹೇಳಿದ್ದರು. ಮುಂದೆ ಹೆಚ್ಚು ನಿಖರವಾದ ಅಳತೆಗಳು ಬಂದಾಗ ಅಲ್ಲಿ ಅಂಥ ಕಾಯವೇ ಇಲ್ಲ ಅಂತಾಯಿತು.

ಅಂದರೆ ಆ ಕಾದಂಬರಿಯ ಅಡಿಪಾಯದ ವಿಜ್ಞಾನವೇ ಕರಗಿಹೋಯಿತು. ಪುಸ್ತಕ? ಇವತ್ತಿಗೂ ಓದುತ್ತಾರೆ. ನನ್ನ ಇವತ್ತಿನ ಮುಖ್ಯ ಮಾತು ಇಲ್ಲಿದೆ. ಸಾಧ್ಯತೆಗೆ ಎಕ್ಸ್‌ಪೈರಿ ಡೇಟ್ ಇರುತ್ತದೆ, ಅದು ಲೇಖಕನ ಕೈಯಲ್ಲಿಲ್ಲ. ಹೊಸ ಟೆಲಿಸ್ಕೋಪ್ ಬಂದರೆ ಹಳೆಯ ಗ್ರಹ ಮಾಯ. ಹೊಂದಾಣಿಕೆ ಮಾತ್ರ ಪೂರ್ತಿ ಲೇಖಕನ ಜವಾಬ್ದಾರಿ, ಅದು ಹಳಸಲ್ಲ. ಗ್ರಹ ಇಲ್ಲದಿದ್ದರೂ, ಅಂಥ ಗ್ರಹ ಇದ್ದರೆ ಬದುಕು ಹೇಗಿರುತ್ತೆ ಅನ್ನೋ ಲೆಕ್ಕ ಸುಳ್ಳಾಗಲ್ಲ.

ರಿಂಗ್‌ವರ್ಲ್ಡ್ ಯಾಕೆ ನಿಲ್ಲಲ್ಲ?

ಈಗ ಬಾಸ್ಟನ್ನಿಗೆ ವಾಪಸ್. ನಿವೆನ್ ಅವರ ರಿಂಗ್‌ವರ್ಲ್ಡ್ ಅಂದರೆ ಒಂದು ನಕ್ಷತ್ರದ ಸುತ್ತ ಬಳೆಯ ಹಾಗೆ ಕಟ್ಟಿದ ನೆಲ. ತ್ರಿಜ್ಯ ಹೆಚ್ಚುಕಡಿಮೆ ಭೂಮಿಗೂ ಸೂರ್ಯನಿಗೂ ಇರುವಷ್ಟು ದೂರ, ಅಗಲ ಸುಮಾರು 16 ಲಕ್ಷ ಕಿಲೋಮೀಟರ್. ಸೆಕೆಂಡಿಗೆ ಸುಮಾರು 1,240 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ. ಜೋರಾಗಿ ಬೀಸಿ ತಿರುಗಿಸಿದ ಬಕೆಟ್ಟಿನ ನೀರು ತಳಕ್ಕೆ ಒತ್ತಿಕೊಳ್ಳುವ ಹಾಗೆ, ಒಳಮೈಯಲ್ಲಿರುವವರಿಗೆ ಭೂಮಿಯಷ್ಟೇ ಭಾರ ಅನಿಸುತ್ತದೆ. ಇದನ್ನು ಕಟ್ಟಿದ ವಸ್ತು ಸ್ಕ್ರಿತ್, ಊಹೆಗೂ ಮೀರಿದ ಗಟ್ಟಿ. ಅಂಥದ್ದು ಪ್ರಪಂಚದಲ್ಲಿಲ್ಲ. ಅದು ನಿವೆನ್ ಅವರ ಸಸ್ಪೆನ್ಸ್ ಅಕೌಂಟ್, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

1970ರ ಮೊದಲ ಮುದ್ರಣದಲ್ಲೇ ಒಂದು ಎಡವಟ್ಟಾಗಿತ್ತು. ನಾಯಕ ಲೂಯಿಸ್ ವೂ ತನ್ನ ಹುಟ್ಟುಹಬ್ಬವನ್ನು ಉದ್ದ ಮಾಡಿಕೊಳ್ಳೋಕೆ ಊರಿಂದೂರಿಗೆ ಕ್ಷಣದಲ್ಲಿ ಜಿಗಿಯುತ್ತಾನೆ, ಆದರೆ ಪೂರ್ವದ ಕಡೆಗೆ! ದಿನ ಉದ್ದವಾಗಬೇಕಾದರೆ ಪಶ್ಚಿಮಕ್ಕೆ ಹೋಗಬೇಕು. ಆಮೇಲಿನ ಮುದ್ರಣದಲ್ಲಿ ತಿದ್ದಿದರು.

ಎಂಐಟಿ ಹುಡುಗರು ಹಿಡಿದಿದ್ದು ಇದಕ್ಕಿಂತ ಆಳದ್ದು. ನಕ್ಷತ್ರದ ಸುತ್ತ ಒಂದು ಗಟ್ಟಿ ಉಂಗುರ ಇಟ್ಟರೆ, ಅದು ಗ್ರಹದ ಹಾಗೆ ಕಕ್ಷೆಯಲ್ಲಿ ನಿಲ್ಲಲ್ಲ. ಒಂದು ಕಡೆ ಸ್ವಲ್ಪ ಹತ್ತಿರ ಜರುಗಿತು ಅಂದುಕೊಳ್ಳಿ, ಆ ಕಡೆ ಸೆಳೆತ ಹೆಚ್ಚಾಗಿ ಇನ್ನೂ ಜರುಗುತ್ತದೆ, ಕಡೆಗೆ ಹೋಗಿ ನಕ್ಷತ್ರಕ್ಕೇ ಡಿಕ್ಕಿ. ಇದು 1971ರ ಹೊಸ ಸಂಶೋಧನೆ ಏನಲ್ಲ. ಶನಿಯ ಉಂಗುರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಲಾಪ್ಲಾಸ್ ಹದಿನೆಂಟನೇ ಶತಮಾನದಲ್ಲೇ ಇದನ್ನು ಕಂಡಿದ್ದರು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1859ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಶನಿಯ ಉಂಗುರ ಒಂದೇ ಗಟ್ಟಿ ತಟ್ಟೆಯಾಗಿರೋಕೆ ಸಾಧ್ಯವಿಲ್ಲ, ಅದು ಲೆಕ್ಕವಿಲ್ಲದಷ್ಟು ಚೂರುಗಳ ಗುಂಪು ಅಂತ ತೋರಿಸಿದ್ದರು.

ಫ್ಲಾರಿಡಾದ ಒಂದು ಹೈಸ್ಕೂಲ್ ತರಗತಿ ಇನ್ನೊಂದು ತಪ್ಪು ಹಿಡಿಯಿತು. ಭೂಮಿಯಲ್ಲಿ ಮಳೆ ಮಣ್ಣನ್ನು ಸಮುದ್ರಕ್ಕೆ ಕೊಚ್ಚುತ್ತದೆ, ಆದರೆ ನೆಲದಡಿಯ ಚಲನೆಯಿಂದ ಹೊಸ ಬೆಟ್ಟಗಳು ಏಳುತ್ತವೆ. ರಿಂಗ್‌ವರ್ಲ್ಡ್‌ನಲ್ಲಿ ಆ ಚಲನೆ ಎಲ್ಲಿದೆ? ಕೆಲವೇ ಸಾವಿರ ವರ್ಷಗಳಲ್ಲಿ ಫಲವತ್ತಾದ ಮಣ್ಣೆಲ್ಲ ಸಮುದ್ರದ ತಳಕ್ಕೆ, ಮೇಲೆ ಉಳಿಯೋದು ಬರೀ ಸ್ಕ್ರಿತ್.

ನಿವೆನ್ ಏನು ಮಾಡಿದರು? ಕಥೆ ತಾನೇ ಅಂತ ಕೈ ತೊಳೆದುಕೊಳ್ಳಲಿಲ್ಲ. 1980ರಲ್ಲಿ 'ದಿ ರಿಂಗ್‌ವರ್ಲ್ಡ್ ಎಂಜಿನಿಯರ್ಸ್' ಬರೆದರು. ಅದರಲ್ಲಿ ಉಂಗುರವನ್ನು ಸರಿಯಾದ ಜಾಗದಲ್ಲಿಡೋಕೆ ಅಂಚಿನ ಗೋಡೆಯ ಮೇಲೆ ಜೆಟ್ ಎಂಜಿನ್‌ಗಳಿದ್ದವು, ಆದರೆ ಅಲ್ಲಿನ ಜನ ತಮ್ಮ ಹಡಗುಗಳಿಗಾಗಿ ಅವನ್ನು ಕಿತ್ತುಕೊಂಡಿದ್ದಾರೆ! ಹಾಗಾಗಿ ಈಗ ಉಂಗುರ ಜರುಗುತ್ತಿದೆ, ಅಲ್ಲಿರುವ ಅಸಂಖ್ಯಾತ ಜೀವಗಳು ಅಪಾಯದಲ್ಲಿವೆ. ಸಮುದ್ರದ ತಳದ ಹೂಳನ್ನು ಪೈಪುಗಳಲ್ಲಿ ಎತ್ತಿ ಅಂಚಿನಿಂದ ಸುರಿಯುವ ವ್ಯವಸ್ಥೆಯೂ ಇದೆ, ಆ ಹೂಳೇ ಬೆಟ್ಟಗಳಾಗುತ್ತದೆ. ಓದುಗರು ತೋರಿಸಿದ ತಪ್ಪುಗಳಿಂದಲೇ ಎರಡನೇ ಕಾದಂಬರಿಯ ಕಥೆ ಹುಟ್ಟಿತು.

ಹುಳುಕು ಬೇರೆ, ಆಡಿಟ್ ಬೇರೆ

ಈ ಆಟ ನಮ್ಮ ಕಾಲಕ್ಕೂ ಬಂದಿದೆ. ಆ್ಯಂಡಿ ವೀರ್ 'ದಿ ಮಾರ್ಷಿಯನ್' ಕಾದಂಬರಿಯನ್ನು ಮೊದಲು ತಮ್ಮ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯವಾಗಿ ಪುಕ್ಕಟೆ ಹಾಕಿದರು. ಓದುಗರು ವಿಜ್ಞಾನದ ತಪ್ಪು ತೋರಿಸಿದರು, ಅವರು ತಿದ್ದುತ್ತಾ ಹೋದರು. ಆದರೂ ಕಥೆ ಶುರುವಾಗುವ ಧೂಳಿನ ಬಿರುಗಾಳಿ ತಪ್ಪೇ. ಮಂಗಳನ ಗಾಳಿಯ ಒತ್ತಡ ಭೂಮಿಯದರ ಶೇ. 1ಕ್ಕಿಂತ ಕಡಿಮೆ, ಅಲ್ಲಿನ ಬಿರುಗಾಳಿಗೆ ರಾಕೆಟ್ ಉರುಳಿಸುವ ತಾಕತ್ತಿಲ್ಲ. ವೀರ್‌ಗೆ ಇದು ಗೊತ್ತಿತ್ತು. ನಾಯಕ ಮಂಗಳನಲ್ಲಿ ಒಂಟಿಯಾಗಬೇಕಿತ್ತು, ಅದಕ್ಕೆ ಬೇಕಂತಲೇ ಇಟ್ಟೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಎಲ್ಲ ಕಥೆಗೂ ಈ ಆಡಿಟ್ ಬೇಕು ಅಂತ ನಾನು ಹೇಳ್ತಿಲ್ಲ. ರೇ ಬ್ರಾಡ್‌ಬರಿ 1950ರಲ್ಲಿ ತಂದ ಮಂಗಳನ ಕಥೆಗಳಲ್ಲಿ ಮನುಷ್ಯ ಅಲ್ಲಿ ಹಾಯಾಗಿ ಉಸಿರಾಡುತ್ತಾನೆ. ಬ್ರಾಡ್‌ಬರಿ ಲೆಕ್ಕದ ಅಂಗಡಿ ತೆರೆದವರೇ ಅಲ್ಲ, ಅವರ ವ್ಯಾಪಾರ ನೆನಪು, ಒಂಟಿತನ, ಹೋದ ಕಡೆಯೆಲ್ಲ ಮನುಷ್ಯ ಮಾಡುವ ಹಾಳು. ಬೇಕರಿಗೆ ಹೋಗಿ ಸಿಮೆಂಟಿನ ಸ್ಟಾಕ್ ರಿಜಿಸ್ಟರ್ ಕೇಳಬಾರದು. ಆದರೆ ಲೆಕ್ಕ ಕೊಡುತ್ತೇನೆ ಅಂತ ಬೋರ್ಡು ಹಾಕಿದ ಮೇಲೆ ಕೊಡಬೇಕು.

ಲೆಕ್ಕ ಕೇಳೋದಕ್ಕೂ ಒಂದು ರೀತಿ ಇದೆ. ಒಂದು ಸೀನ್ ಕಟ್ ಮಾಡಿ "ಮಿಸ್ಟೇಕ್!" ಅಂತ ಕೆಂಪು ಬಾಣ ಹಾಕಿದ ರೀಲು ನಮಗೆಲ್ಲ ಗೊತ್ತು. ಅದರಲ್ಲಿ ನಗು ಇದೆ, ಲೆಕ್ಕ ಇಲ್ಲ. ಮಣ್ಣು ಎಲ್ಲಿ ಹೋಗುತ್ತೆ ಅಂತ ಕೇಳಿದ ಆ ಹೈಸ್ಕೂಲಿನವರಿಗೆ ಮಳೆ, ಹೂಳು, ಬೆಟ್ಟ ಎಲ್ಲ ಅರ್ಥವಾಗಿರಲೇಬೇಕು. ಕಥೆಯನ್ನು ನಿಜ ಅಂತ ನಂಬಿ ಅದರೊಳಗೆ ಕೂತು ಯೋಚಿಸದಿದ್ದರೆ ಆ ಪ್ರಶ್ನೆ ಹುಟ್ಟೋದೇ ಇಲ್ಲ. ಫಿರಂಗಿಯನ್ನು ನೋಡಿ ನಕ್ಕು ಸುಮ್ಮನಾದವರು ಎಷ್ಟೋ ಜನ ಇದ್ದಿರಬಹುದು. ಸಿಯೋಲ್ಕೊವ್‌ಸ್ಕಿ ಮುಂದಿನ ಪ್ರಶ್ನೆ ಕೇಳಿದರು.

'ಮಿಷನ್ ಆಫ್ ಗ್ರ್ಯಾವಿಟಿ' ಬಗ್ಗೆ ಒಂದು ವಿಷಯ ಉಳಿಸಿಕೊಂಡಿದ್ದೆ. ಅದರ ನಾಯಕ ಬಾರ್ಲೆನನ್ ಒಬ್ಬ ವ್ಯಾಪಾರಿ, ಹಡಗಿನ ಕ್ಯಾಪ್ಟನ್. ಧ್ರುವದಲ್ಲಿ ಸಿಕ್ಕಿಹಾಕಿಕೊಂಡ ಮನುಷ್ಯರ ಸಂಶೋಧನಾ ರಾಕೆಟ್ಟಿನ ಮಾಹಿತಿ ತಂದುಕೊಡುವ ಕರಾರು ಅವನದು. ಕಡೆಗೆ ರಾಕೆಟ್ ಸಿಕ್ಕಾಗ ಅವನು ಚೌಕಾಸಿಗೆ ಇಳಿಯುತ್ತಾನೆ. ಅವನು ಕೇಳೋದು ಆಯುಧ ಅಲ್ಲ, ಯಂತ್ರ ಅಲ್ಲ. ನಿಮಗೆ ಗೊತ್ತಿರೋದನ್ನು ಮೊದಲಿಂದ ನಮಗೆ ಕಲಿಸಿ, ವಿಜ್ಞಾನ ಕಲಿಸಿ ಅಂತಾನೆ. ವ್ಯಾಪಾರ ಗೊತ್ತಿರುವವನು ಕೇಳಬೇಕಾದ ಬೆಲೆ ಅದೇ ಅಂತ ನನಗನಿಸುತ್ತೆ.

ಮುಂದಿನ ಸಲ ಸೈನ್ಸ್ ಫಿಕ್ಷನ್ ಸಿನಿಮಾ ನೋಡುವಾಗ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಇಲ್ಲಿ ಒಪ್ಪಿಕೊಳ್ಳಬೇಕಾದ ಒಂದು ಸುಳ್ಳು ಯಾವುದು? ಅದರಿಂದ ಏನೇನು ಆಗಲೇಬೇಕು, ಅದೆಲ್ಲ ಆಯಿತಾ? ನಾಯಕ ಕಷ್ಟದಲ್ಲಿದ್ದಾಗ ನಿಯಮ ಸದ್ದಿಲ್ಲದೆ ಬದಲಾಯಿತಾ? ಎಲ್ಲೋ ಟ್ಯಾಲಿ ಆಗಲಿಲ್ಲ ಅಂದರೆ, ಆ ಸಂಖ್ಯೆ ಬರೆದು ನನಗೆ ಕಳಿಸಿ. ಮುಂದಿನ ವಾರ ಓದಿ ಹೇಳ್ತೀನಿ. ಸಿಗೋಣ.